ಮಳೆಯಲ್ಲಿ 'ಹರಡಿ' ಎನ್ನುವ ತಂತ್ರಾಂಶ: ತರ್ಕ ನಿಯಮಗಳಲ್ಲಿ ಲೋಕಜ್ಞಾನದ ದೋಷ ಹುಡುಕುವ ಕೈಪಿಡಿ

ನಿಯಮಗಳನ್ನು ತರ್ಕದ ಭಾಷೆಯಲ್ಲಿ ಬರೆದು, ಪ್ರೊಲಾಗ್ ಅಥವಾ ಕ್ಲಿಂಗೋದಲ್ಲಿ (ಎರಡೂ ತರ್ಕ ನಿಯಮಗಳನ್ನು ಓಡಿಸುವ ಸಾಧನಗಳು) ಓಡಿಸಿ, ದಿನನಿತ್ಯದ ನಿರ್ಧಾರ ಪಡೆಯುವ ತಂತ್ರಾಂಶಗಳಿಗೆ ಈ ಕೈಪಿಡಿ. ಉದಾಹರಣೆಗೆ ಕಾಫಿ ಒಣಗಿಸುವ ಕಣವನ್ನೇ ಹಿಡಿದಿದ್ದೇವೆ. ಸೋಮವಾರಪೇಟೆ, ಮಡಿಕೇರಿ, ವಿರಾಜಪೇಟೆ ಕಡೆ ನಾಲ್ಕಾರು ಕಣಗಳು, ಪ್ರತಿ ಕಣದ ಪಕ್ಕ ಒಂದು ಮಳೆ ಮಾಪಕ, ತೋಟದ ರೈಟರ್ (ಲೆಕ್ಕ-ಪತ್ರ ಬರೆಯುವವರು) ಫೋನಿನಿಂದ ಕಳಿಸುವ ವರದಿ. ಇಷ್ಟರ ಮೇಲೆ ತಂತ್ರಾಂಶ ಹೇಳಬೇಕಾದ್ದು ಎರಡೇ ಮಾತು: ಕಾಫಿ ಹರಡಿ, ಇಲ್ಲವೇ ಟಾರ್ಪಾಲು ಮುಚ್ಚಿ. ಇಷ್ಟು ಸಣ್ಣ ಕೆಲಸದಲ್ಲೂ ಈ ಕ್ಷೇತ್ರದ ದೊಡ್ಡ ತೊಡಕುಗಳೆಲ್ಲ ಒಂದೊಂದಾಗಿ ಎದುರಾಗುತ್ತವೆ.

'ಕಾಮನ್ ಸೆನ್ಸ್' ಅನ್ನುವುದಕ್ಕೆ ಇಲ್ಲಿ ಲೋಕಜ್ಞಾನ ಎಂದಿದ್ದೇವೆ. 'ಸಾಮಾನ್ಯ ಜ್ಞಾನ' ಎಂದರೆ ಕ್ವಿಜ್ ಪುಸ್ತಕ ನೆನಪಾಗುತ್ತದೆ. ಮಳೆ ಬಂದರೆ ಬಯಲಲ್ಲಿಟ್ಟದ್ದು ನೆನೆಯುತ್ತದೆ ಎಂಬ ಮಾತನ್ನು ಯಾವ ಕ್ವಿಜ್‌ನಲ್ಲೂ ಕೇಳುವುದಿಲ್ಲ. ಯಂತ್ರಕ್ಕೆ ಗೊತ್ತಿಲ್ಲದಿರುವುದು ಅದೇ. ಇಂಥ ತಂತ್ರಾಂಶ ಕೆಟ್ಟಾಗ ಬರೆದ ನಿಯಮದಲ್ಲಿ ತಪ್ಪು ಸಿಗುವುದು ಅಪರೂಪ. ಬರೆಯದೆ ಬಿಟ್ಟದ್ದನ್ನು ಯಂತ್ರ ಹೇಗೆ ಅರ್ಥ ಮಾಡಿಕೊಂಡಿತು ಎಂದು ಹುಡುಕಬೇಕು.

ಕೆಳಗಿನ ನಿಯಮಗಳನ್ನು ಓದಲು ಸುಲಭವಾಗಲೆಂದು ಕನ್ನಡದಲ್ಲೇ ಬರೆದಿದೆ. ':-' ಎಂದರೆ ಬಲಗಡೆಯದ್ದೆಲ್ಲ ನಿಜವಾದರೆ ಎಡಗಡೆಯದ್ದೂ ನಿಜ. ಆವರಣದೊಳಗಿನ ಕ, ದ, ಮ ಮೊದಲಾದವು ಚರಾಕ್ಷರಗಳು, ಯಾವುದೋ ಒಂದು ಕಣ, ದಿನ ಅಥವಾ ಅಳತೆಗೆ ನಿಲ್ಲುವ ಗುರುತುಗಳು. ಕ್ಲಿಂಗೋ ಕಡತದಲ್ಲಿ ಪ್ರೆಡಿಕೇಟ್ (ಆವರಣದ ಮುಂದಿನ ಪದ, ಉದಾಹರಣೆಗೆ 'ಮಳೆ') ಹೆಸರುಗಳು ರೋಮನ್ ಅಕ್ಷರದಲ್ಲೇ ಇರಬೇಕು. ಕನ್ನಡ ಪದ ಬೇಕಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. 'ನಾಟ್' ಎಂದರೆ 'ಹಾಗೆಂದು ಸಾಧಿಸಲು ಆಗಲಿಲ್ಲ'. ಹೆಸರಿನ ಮುಂದಿನ ಕಳೆ ಚಿಹ್ನೆ ಎಂದರೆ 'ಖಚಿತವಾಗಿ ಇಲ್ಲ'. ಇವೆರಡೂ ಬೇರೆ ಬೇರೆ. (ನಮ್ಮ 'ಇಲ್ಲ' ಮತ್ತು 'ಅಲ್ಲ'ಗಳ ವ್ಯತ್ಯಾಸವೂ ಇದಲ್ಲ, ಆ ಜಾಡು ಹಿಡಿದು ಹೊರಟರೆ ದಾರಿ ತಪ್ಪುತ್ತದೆ.)

ಕೈ ಹಾಕುವ ಮುನ್ನ

ತಪ್ಪು ಉತ್ತರ ಬಂದ ಹೊತ್ತಿನಲ್ಲಿ ತಂತ್ರಾಂಶದ ಮುಂದೆ ಯಾವ ಸಂಗತಿಗಳಿದ್ದವೋ ಅವನ್ನು ಹಾಗೇ ಒಂದು ಕಡತದಲ್ಲಿ ಉಳಿಸಿ. ಅರ್ಧ ಸಂಗತಿಗಳನ್ನು ತೆಗೆದು ಮತ್ತೆ ಓಡಿಸಿ. ತಪ್ಪು ಹಾಗೇ ಇದ್ದರೆ ಉಳಿದದ್ದರಲ್ಲಿ ಅರ್ಧ ತೆಗೆಯಿರಿ. ತಪ್ಪು ಮಾಯವಾದರೆ ತೆಗೆದದ್ದನ್ನು ಹಾಕಿ ಇನ್ನೊಂದರ್ಧ ತೆಗೆಯಿರಿ. ಹತ್ತು ಹನ್ನೆರಡು ಸಾಲಿಗೆ ಇಳಿಸುವವರೆಗೆ ನಿಯಮ ತಿದ್ದಲು ಹೋಗಬೇಡಿ.

ಅದೇ ಹತ್ತು ಸಾಲನ್ನು ಓದಿ ಹೇಳಿದರೆ ಕಣದ ಮೇಸ್ತ್ರಿ ಏನು ಮಾಡು ಎನ್ನುತ್ತಾರೆ, ಯಾಕೆ ಎನ್ನುತ್ತಾರೆ, ಎರಡನ್ನೂ ಬರೆದುಕೊಳ್ಳಿ. 'ಯಾಕೆ' ಎಂಬುದರಲ್ಲಿ ಬರುವ ಮಾತು ಸಾಮಾನ್ಯವಾಗಿ ಕಡತದಲ್ಲಿ ಇರುವುದಿಲ್ಲ.

ಮೊದಲು ಹೆಸರು, ಆಮೇಲೆ ಅಳತೆ

ತರ್ಕಕ್ಕೆ ಹೋಗುವ ಮುಂಚೆ ಎರಡು ನಿಮಿಷದ ಪರೀಕ್ಷೆ. 'ಗೇಟ್ ಕಣ' ಎಂಬ ಹೆಸರು ಎರಡು ಕಡೆ ಒಂದೇ ಥರ ಕಂಡರೂ ಹೊಂದದೆ ಇರಬಹುದು. ಫೋನಿನ ಕೀಲಿಮಣೆಗಳು ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಜೋಡಣೆ-ತಡೆ ಅಕ್ಷರವನ್ನು ಬಿಡುವುದುಂಟು. ಆಗ 'ಗೇಟ್' ಎಂಬುದರ ಸಂಕೇತಗಳು ನಾಲ್ಕರ ಬದಲು ಐದಾಗುತ್ತವೆ. ಉದ್ದ ಎಣಿಸಿ ನೋಡಿದರೆ ಗೊತ್ತಾಗುತ್ತದೆ. 'ತೊಟ್ಟಿ ಕಣ' ಎನ್ನುವಲ್ಲಿನ ಒ-ಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಎರಡು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಇದನ್ನು ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ ಸರಿಮಾಡುತ್ತದೆ. ಜೋಡಣೆ-ತಡೆಯನ್ನು ಅದು ಮುಟ್ಟುವುದಿಲ್ಲ, ಬೇರೆಯಾಗಿಯೇ ಅಳಿಸಬೇಕು. ಎಲ್ಲಕ್ಕಿಂತ ನೆಮ್ಮದಿಯ ದಾರಿ: ಒಳಗೆ ಕ1, ಕ2 ಎಂಬಂಥ ಗುರುತು, ಹೆಸರು ತೋರಿಸುವುದಕ್ಕೆ ಮಾತ್ರ.

ಅಳತೆಯ ತಪ್ಪು ಇಲ್ಲಿನದೇ ವಿಶೇಷ. ತೋಟದವರು ಮಳೆಯನ್ನು ಇಂಚು-ಸೆಂಟಿನಲ್ಲಿ ಹೇಳುತ್ತಾರೆ, ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ. 100 ಸೆಂಟಿಗೆ 1 ಇಂಚು, ಅಂದರೆ 25.4 ಮಿ.ಮೀ. '50' ಎಂಬ ವರದಿ ಅರ್ಧ ಇಂಚೋ ಎರಡು ಇಂಚೋ ಎಂಬುದು ಸಂಖ್ಯೆಯಿಂದ ತಿಳಿಯುವುದಿಲ್ಲ. ಮೇಲಾಗಿ ಕ್ಲಿಂಗೋಗೆ ದಶಮಾಂಶ ಬರುವುದಿಲ್ಲ, ಪೂರ್ಣಾಂಕ ಮಾತ್ರ. 12.7 ಮಿ.ಮೀ. ಬರೆಯಬೇಕಿದ್ದರೆ ಹತ್ತರಿಂದ ಗುಣಿಸಿ 127 ಎಂದು ಬರೆಯಿರಿ, ಅಥವಾ ಎಲ್ಲವನ್ನೂ ಸೆಂಟಿಗೆ ತಿರುಗಿಸಿ. ತಿರುಳು ತೆಗೆದು ಒಣಗಿಸಿದ ಕಾಫಿ ಪಾರ್ಚ್‌ಮೆಂಟ್, ಇಡೀ ಹಣ್ಣನ್ನೇ ಒಣಗಿಸಿದ್ದು ಚೆರ್ರಿ. ಕಾಫಿಯ ತೇವಾಂಶದ ಮಿತಿಗಳಿಗೆ (ಪಾರ್ಚ್‌ಮೆಂಟ್ 10%, ರೋಬಸ್ಟಾ ಚೆರ್ರಿ 11%, ಅರೇಬಿಕಾ ಚೆರ್ರಿ 12%) ಈ ತೊಂದರೆಯಿಲ್ಲ; ಆದರೆ ಮೀಟರ್ 11.4 ತೋರಿಸಿದಾಗ ಯಾರಾದರೂ 11 ಎಂದು ಕತ್ತರಿಸಿ ಕೊಟ್ಟರೆ ಹಸಿ ಚೆರ್ರಿ ಚೀಲಕ್ಕೆ ಹೋಗುತ್ತದೆ. ಕತ್ತರಿಸುವುದೇ ಆದರೆ ಮೇಲಕ್ಕೆ.

ಲಕ್ಷಣ: ಮಳೆ ಸುರಿಯುತ್ತಿದೆ, ಉತ್ತರ 'ಹರಡಿ'

ಹೆಚ್ಚು ಬರುವ ದೋಷ ಇದು, ಹೆಚ್ಚು ನಷ್ಟ ಮಾಡುವುದೂ ಇದೇ. ಕಡತದಲ್ಲಿ ಹೀಗೊಂದು ಸಾಲಿರುತ್ತದೆ:

ಹರಡು(ಕ) :- ಕಣ(ಕ), ನಾಟ್ ಮಳೆ(ಕ).

ಓದಿದರೆ ತಪ್ಪೇನೂ ಕಾಣದು. ಪರೀಕ್ಷೆ ಸುಲಭ: ಮಳೆ ವರದಿಯ ಸಾಲನ್ನು ಪೂರ್ತಿ ಅಳಿಸಿ ಓಡಿಸಿ. ಏನೂ ತಿಳಿಯದ ಸ್ಥಿತಿಯಲ್ಲಿ ತಂತ್ರಾಂಶ ಸುಮ್ಮನಿರಬೇಕು ಅಥವಾ ಕೇಳಬೇಕು. 'ಹರಡಿ' ಎಂದರೆ ಅದು ಮೌನವನ್ನು 'ಇಲ್ಲ' ಎಂದು ಓದುತ್ತಿದೆ.

ಹೇಳದ್ದೆಲ್ಲ ಸುಳ್ಳು ಎಂದು ಹಿಡಿಯುವ ಈ ಪದ್ಧತಿಗೆ 1978ರಲ್ಲಿ ರೇಮಂಡ್ ರೈಟರ್ 'ಮುಚ್ಚಿದ ಲೋಕದ ಊಹೆ' ಎಂದು ಹೆಸರಿಟ್ಟರು. ಸಾಧಿಸಲಾಗದ್ದನ್ನು ಇಲ್ಲವೆಂದು ಎಣಿಸುವುದಕ್ಕೆ ತರ್ಕದ ಬುನಾದಿ ಹಾಕಿದ ಕೀತ್ ಕ್ಲಾರ್ಕ್ ಅವರ ಕೆಲಸವೂ ಅದೇ ವರ್ಷದ್ದು. (ತೋಟದ ರೈಟರಿಗೂ ಆ ರೈಟರಿಗೂ ನಂಟಿಲ್ಲ.) ಊಹೆ ಕೆಟ್ಟದ್ದಲ್ಲ. ಚೆಕ್‌ರೋಲಿನಲ್ಲಿ ಹೆಸರಿಲ್ಲದವರು ಆ ದಿನ ಕೆಲಸಕ್ಕೆ ಬಂದಿಲ್ಲ ಎಂದು ಹಿಡಿಯುವುದು ಪೂರ್ತಿ ಸರಿ, ಏಕೆಂದರೆ ಆ ಪಟ್ಟಿಯನ್ನು ಪೂರ್ಣವಾಗಿ ಬರೆಯುವುದು ಒಬ್ಬರ ಹೊಣೆ. ಕಣಗಳ ಪಟ್ಟಿಯೂ ಹಾಗೆಯೇ. ಮಳೆಯ ವರದಿಗೆ ಅಂಥ ಹೊಣೆಗಾರರಿಲ್ಲ. ಕೊಡಗಿನಲ್ಲಂತೂ ಗಾಳಿ-ಮಳೆ ಜೋರಾದ ಕೂಡಲೇ ಕರೆಂಟ್ ಹೋಗುತ್ತದೆ, ಹಿಂದೆಯೇ ನೆಟ್‌ವರ್ಕ್ ಹೋಗುತ್ತದೆ. ವರದಿ ನಿಲ್ಲುವುದು ಮಳೆ ಬಂದಾಗಲೇ! ಅಂದರೆ ಈ ನಿಯಮ ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪುವುದಲ್ಲ, ತಪ್ಪಬಾರದ ದಿನವೇ ತಪ್ಪುತ್ತದೆ.

ತಿದ್ದುಪಡಿ:

ಮಳೆ(ಕ) :- ವರದಿ(ಕ, ಮ), ಮ > 0.
-ಮಳೆ(ಕ) :- ವರದಿ(ಕ, 0).
ಹರಡು(ಕ) :- ಕಣ(ಕ), -ಮಳೆ(ಕ).
ಮುಚ್ಚು(ಕ) :- ಕಣ(ಕ), ಮಳೆ(ಕ).
ಕೇಳು(ಕ) :- ಕಣ(ಕ), ನಾಟ್ ಮಳೆ(ಕ), ನಾಟ್ -ಮಳೆ(ಕ).

ಐದನೇ ಸಾಲೇ ಮುಖ್ಯ. ತಿಳಿಯದಿದ್ದಾಗ ಕಣಕ್ಕೆ ಫೋನ್ ಮಾಡಿ ಕೇಳು ಎಂಬ ಮೂರನೇ ಉತ್ತರಕ್ಕೆ ಜಾಗ ಕೊಡದ ತಂತ್ರಾಂಶಕ್ಕೆ ಎಷ್ಟು ನಿಯಮ ತುಂಬಿದರೂ ವಿವೇಕ ಬರುವುದಿಲ್ಲ.

ಇದರ ತಮ್ಮನಂಥ ದೋಷ ಇನ್ನೊಂದಿದೆ: ಬೆಳಗ್ಗೆ 6ರ '0' ವರದಿಯನ್ನು ಸಂಜೆ 4ಕ್ಕೂ ನಂಬುವುದು. ವರದಿಗೆ ಹೊತ್ತು ಬರೆದು, ಇಷ್ಟು ಗಂಟೆ ಮೀರಿದರೆ ಅದು ವರದಿಯೇ ಅಲ್ಲ ಎಂದು ಸೇರಿಸಿ. ಕಣದ ಮಟ್ಟಿಗೆ 2 ಗಂಟೆಗಿಂತ ಹಳೆಯದನ್ನು ಇಟ್ಟುಕೊಳ್ಳುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ಜಿಲ್ಲೆಗೆಲ್ಲ ಒಂದೇ ವರದಿ ಹಂಚುವುದೂ ಬೇಡ. ಭಾಗಮಂಡಲದಲ್ಲಿ ಕೊಡೆ ನಿಲ್ಲದಷ್ಟು ಸುರಿಯುವಾಗ ಕುಶಾಲನಗರದಲ್ಲಿ ಬಿಸಿಲಿರಬಹುದು. 'ಕೊಡಗಿನಲ್ಲಿ ಮಳೆ' ಎಂಬ ಸಂಗತಿಯಿಂದ ಒಂದು ಕಣದ ಬಗ್ಗೆ ಏನೂ ಹೇಳಲಾಗದು.

ಲಕ್ಷಣ: ಒಂದು ಕಣ ಮುಚ್ಚಿದ ಕೂಡಲೇ ಉಳಿದವಕ್ಕೆ ಸಲಹೆಯೇ ನಿಂತಿತು

ಪ್ರೊಲಾಗ್‌ನಲ್ಲಿ ಮಾತ್ರ ಬರುವುದು. ನಿಯಮದಲ್ಲಿ ನಿಷೇಧ (ಪ್ರೊಲಾಗ್‌ನಲ್ಲಿ ನಾಟ್ ಅನ್ನು \+ ಎಂದು ಬರೆಯುತ್ತಾರೆ) ಮೊದಲು, ಕಣ ಆಮೇಲೆ ಬಂದಿರುತ್ತದೆ:

ಮುಚ್ಚಬೇಕು(ಕ) :- \+ ಮುಚ್ಚಿದೆ(ಕ), ಕಣ(ಕ).

ಯಾವ ಕಣ ಎಂದು ಗೊತ್ತಾಗುವ ಮುಂಚೆಯೇ ನಿಷೇಧ ಓಡುವುದರಿಂದ, ಅದು ಕೇಳುವ ಪ್ರಶ್ನೆ 'ಈ ಕಣ ಮುಚ್ಚಿಲ್ಲವೇ' ಎಂದಲ್ಲ, 'ಯಾವ ಕಣವೂ ಮುಚ್ಚಿಲ್ಲವೇ' ಎಂದು. ಒಂದು ಮುಚ್ಚಿದ್ದರೂ ನಿಯಮ ಬಿದ್ದುಹೋಗುತ್ತದೆ. ಕಣ(ಕ) ಮೊದಲು ಬರೆಯಿರಿ. ಕ್ಲಿಂಗೋದಲ್ಲಿ ಕ್ರಮ ಲೆಕ್ಕಕ್ಕಿಲ್ಲ, ಕಣ(ಕ) ಬಿಟ್ಟೇ ಹೋದರೆ ಮಾತ್ರ ಅದು ಅಸುರಕ್ಷಿತ ಚರಾಕ್ಷರ ಎಂದು ತಕರಾರು ಮಾಡುತ್ತದೆ.

ಲಕ್ಷಣ: ನಿನ್ನೆ ಒಂದು ಉತ್ತರ, ಇಂದು ಇನ್ನೊಂದು

ನಡುವೆ ಬದಲಾದದ್ದು ಸಂಬಂಧವೇ ಇಲ್ಲದ ಒಂದು ಸಾಲು ಅಥವಾ ಸಾಲುಗಳ ಕ್ರಮ ಮಾತ್ರ. ಹಾಗಿದ್ದರೆ ಎರಡು 'ಸಾಮಾನ್ಯವಾಗಿ'ಗಳು ಗುದ್ದಾಡುತ್ತಿವೆ. ಅರೇಬಿಕಾ ಕೊಯ್ಲಿನ ಹೊತ್ತಿಗೇ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯೂ ಬರುತ್ತದೆ:

ಕೆಲಸ(ದ) :- ಕೊಯ್ಲುದಿನ(ದ), ನಾಟ್ -ಕೆಲಸ(ದ).
-ಕೆಲಸ(ದ) :- ಹಬ್ಬ(ದ), ನಾಟ್ ಕೆಲಸ(ದ).

ಕೊಯ್ಲಿನ ದಿನ ಸಾಮಾನ್ಯವಾಗಿ ಕೆಲಸವಿರುತ್ತದೆ. ಹಬ್ಬದ ದಿನ ಸಾಮಾನ್ಯವಾಗಿ ಇರುವುದಿಲ್ಲ. ದಿನ ಎರಡೂ ಆಗಿದ್ದರೆ? ಮೈಕೆಲ್ ಗೆಲ್ಫಾಂಡ್ ಮತ್ತು ವ್ಲಾದಿಮಿರ್ ಲಿಫ್‌ಶಿಟ್ಸ್ 1988ರಲ್ಲಿ ಕೊಟ್ಟ ಸ್ಥಿರ ಮಾದರಿಯ ಅರ್ಥದಲ್ಲಿ ಇದಕ್ಕೆ ಎರಡು ಮಾದರಿಗಳಿವೆ (ಮಾದರಿ ಎಂದರೆ ನಿಯಮಗಳಿಗೆಲ್ಲ ಹೊಂದುವ ಒಂದು ಪೂರ್ಣ ಉತ್ತರ), ಎರಡೂ ನ್ಯಾಯವಾದವೇ. ಕ್ಲಿಂಗೋ ಏನೂ ಹೇಳದಿದ್ದರೆ ಮೊದಲು ಸಿಕ್ಕಿದ್ದನ್ನು ತೋರಿಸಿ ನಿಲ್ಲುತ್ತದೆ. ಇನ್ನೊಂದು ಇದೆಯೆಂಬುದೇ ತಿಳಿಯುವುದಿಲ್ಲ.

ಪರೀಕ್ಷೆ: ಆಜ್ಞೆಯ ಕೊನೆಗೆ 0 ಸೇರಿಸಿ ಓಡಿಸಿ. ಆಗ ಎಲ್ಲ ಮಾದರಿಗಳೂ ಬರುತ್ತವೆ. ಒಂದೇ ಸಲಹೆ ಕೊಡಬೇಕಾದ ತಂತ್ರಾಂಶದಲ್ಲಿ ಎರಡು ಮಾದರಿ ಬಂದರೆ ಅಲ್ಲೇ ದೋಷ. ಎಲ್ಲ ಮಾದರಿಗಳಲ್ಲೂ ನಿಜವಾದದ್ದನ್ನು ಮಾತ್ರ ಕೊಡುವ 'ಕಾಷಸ್' ಎಣಿಕೆ ವಿಧಾನವೂ ಕ್ಲಿಂಗೋದಲ್ಲಿದೆ. ದೋಷ ಸಿಗುವವರೆಗೆ ಅದನ್ನು ತಾತ್ಕಾಲಿಕ ಕಟ್ಟೆಯಾಗಿ ಬಳಸಬಹುದು. ಅದನ್ನೇ ಪರಿಹಾರ ಎಂದುಕೊಂಡರೆ ತಂತ್ರಾಂಶ ಮಾತು ನಿಲ್ಲಿಸುತ್ತದೆ.

ಪರಿಹಾರ, ಯಾವುದು ಯಾವುದನ್ನು ಮೀರುತ್ತದೆ ಎಂದು ಬಾಯಿಬಿಟ್ಟು ಹೇಳುವುದು:

ಕೊಯ್ಲು(ದ) :- ಕೊಯ್ಲುದಿನ(ದ), ನಾಟ್ ಅಪವಾದ(ಕೊಯ್ಲು, ದ).
ಅಪವಾದ(ಕೊಯ್ಲು, ದ) :- ಹಬ್ಬ(ದ).
ಕಣಗಾವಲು(ದ) :- ಕಣದಲ್ಲಿಕಾಫಿ(ದ).

ಇಲ್ಲಿ 'ಕೆಲಸ' ಎಂಬ ಪದವೇ ಮಾಯವಾದದ್ದನ್ನು ಗಮನಿಸಿ. ಪುತ್ತರಿಯ ದಿನ ಕೊಯ್ಲು ನಿಲ್ಲುತ್ತದೆ, ಆದರೆ ಕಣದಲ್ಲಿ ಹರಡಿದ ಕಾಫಿಗೆ ಹಬ್ಬವಿಲ್ಲ. ಯಾರಾದರೂ ಒಬ್ಬರು ಟಾರ್ಪಾಲು ಎಳೆಯಲು ಇರಲೇಬೇಕು. ಎರಡು ಬೇರೆ ಸಂಗತಿಗಳನ್ನು ಒಂದೇ ಪ್ರೆಡಿಕೇಟಿನಲ್ಲಿ ತುರುಕಿದ್ದರಿಂದಲೇ ಅರ್ಧ ಜಗಳ ಹುಟ್ಟಿತ್ತು. ಇದೇ ರೀತಿಯ ಇನ್ನೊಂದು: 'ಒಳ್ಳೆಯ ಮಳೆ'. ಫೆಬ್ರುವರಿ-ಮಾರ್ಚಿನ ಹೂಮಳೆ ರೋಬಸ್ಟಾ ಗಿಡಕ್ಕೆ ಬೇಕೇ ಬೇಕು, ಅದೇ ಹೊತ್ತಿಗೆ ಕಣದಲ್ಲಿ ಒಣಗುತ್ತಿರುವ ರೋಬಸ್ಟಾ ಚೆರ್ರಿಗೆ ಬೇಡವೇ ಬೇಡ. ಒಳ್ಳೆಯದು ಯಾವುದಕ್ಕೆ ಎಂಬ ಇನ್ನೊಂದು ಅಂಕಣವಿಲ್ಲದ ಪ್ರೆಡಿಕೇಟ್ ಅಲ್ಲಿ ಮುರಿಯುತ್ತದೆ.

ಅಪವಾದಕ್ಕೆ ನಿಯಮದ ಹೆಸರನ್ನೂ ಸೇರಿಸಿರುವುದು ಸುಮ್ಮನೆ ಅಲ್ಲ. ಬರೀ ಅಪವಾದ(ದ) ಎಂದು ಬರೆದು ಎಲ್ಲ ನಿಯಮಗಳಿಗೂ ಅದನ್ನೇ ಜೋಡಿಸಿದರೆ, 'ಟಾರ್ಪಾಲು ಮುಚ್ಚಿದರೆ ಸಾಮಾನ್ಯವಾಗಿ ನೆನೆಯುವುದಿಲ್ಲ' ಎಂಬುದೂ ಹಬ್ಬದ ದಿನ ರದ್ದಾಗುತ್ತದೆ. ಪುತ್ತರಿಯಂದು ಟಾರ್ಪಾಲನ್ನೂ ನಂಬಬಾರದು ಎಂಬ ಹೊಸ ಶಾಸ್ತ್ರ ಹುಟ್ಟುತ್ತದೆ.

ಲಕ್ಷಣ: ಮುಚ್ಚಿದ ಟಾರ್ಪಾಲು ಮುಂದಿನ ಗಂಟೆ ಇಲ್ಲ

ಸಂಜೆ 5ಕ್ಕೆ ಮುಚ್ಚಿದ್ದೇವೆ ಎಂದು ಹೇಳಿದ್ದೀರಿ, 6ಕ್ಕೆ ತಂತ್ರಾಂಶ ಮತ್ತೆ 'ಮುಚ್ಚಿ' ಎನ್ನುತ್ತದೆ. ಮುಚ್ಚಿದ್ದು ಮುಚ್ಚಿದಂತೆಯೇ ಇರುತ್ತದೆ ಎಂದು ಯಾರೂ ಅದಕ್ಕೆ ಹೇಳಿಲ್ಲ. ಜಾನ್ ಮೆಕಾರ್ಥಿ ಮತ್ತು ಪ್ಯಾಟ್ರಿಕ್ ಹೇಯ್ಸ್ 1969ರಲ್ಲಿ ಗುರುತಿಸಿದ 'ಫ್ರೇಮ್ ಸಮಸ್ಯೆ' ಇದೇ. ಯಾವ ಕ್ರಿಯೆಯಿಂದ ಏನೇನು ಬದಲಾಗುವುದಿಲ್ಲ ಎಂದು ಒಂದೊಂದಾಗಿ ಬರೆಯಹೊರಟರೆ 20 ಕ್ರಿಯೆ, 30 ಸ್ಥಿತಿಗಳಿಗೇ 600ರ ಹತ್ತಿರ ಸಾಲುಗಳು. ಅದರ ಬದಲು ಎರಡೇ ಜಡತ್ವ ನಿಯಮ ಸಾಕು:

ಸ್ಥಿತಿ(ಸ, ವೇ+1) :- ಸ್ಥಿತಿ(ಸ, ವೇ), ನಾಟ್ -ಸ್ಥಿತಿ(ಸ, ವೇ+1), ವೇಳೆ(ವೇ), ವೇಳೆ(ವೇ+1).
-ಸ್ಥಿತಿ(ಸ, ವೇ+1) :- -ಸ್ಥಿತಿ(ಸ, ವೇ), ನಾಟ್ ಸ್ಥಿತಿ(ಸ, ವೇ+1), ವೇಳೆ(ವೇ), ವೇಳೆ(ವೇ+1).

ಎರಡನೆಯದನ್ನು ಮರೆಯುವವರು ಬಹಳ. ಮರೆತರೆ 'ಮುಚ್ಚಿಲ್ಲ' ಎಂಬುದು ಒಂದು ಹೆಜ್ಜೆಗೇ 'ಗೊತ್ತಿಲ್ಲ' ಆಗಿಬಿಡುತ್ತದೆ. ವೇಳೆ(ವೇ+1) ಬಿಟ್ಟರೆ ಕಾಲಕ್ಕೆ ಕೊನೆಯ ಗಡಿ ತಪ್ಪುತ್ತದೆ. ಆರಂಭದ ವೇಳೆಗೆ ಪ್ರತಿ ಸ್ಥಿತಿಯೂ ಹೌದೋ ಅಲ್ಲವೋ ಎಂದು ಕೊಟ್ಟಿರಬೇಕು. ಜಡತ್ವ ಇದ್ದದ್ದನ್ನು ಮುಂದೆ ಸಾಗಿಸುತ್ತದೆ ಅಷ್ಟೇ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ.

ಈಗ ಸೂಕ್ಷ್ಮವಾದದ್ದು. ಟಾರ್ಪಾಲು ತೆಗೆದರು, ಒಂದು ಗಂಟೆ ಏನೂ ನಡೆಯಲಿಲ್ಲ, ಮಳೆ ಬಂತು. ಕಾಫಿ ನೆನೆಯಿತು ಎಂದು ಯಾರೇ ಆದರೂ ಹೇಳುತ್ತಾರೆ. ಆದರೆ 'ಬದಲಾವಣೆ ಆದಷ್ಟು ಕಡಿಮೆ ಇರಲಿ' ಎಂದಷ್ಟೇ ಯಂತ್ರಕ್ಕೆ ಹೇಳಿದರೆ ಅದಕ್ಕೆ ಇನ್ನೊಂದು ಕಥೆಯೂ ಅಷ್ಟೇ ಚೆನ್ನ: ಆ ಸುಮ್ಮನಿದ್ದ ಗಂಟೆಯಲ್ಲಿ ಕಣ ತಾನಾಗಿ ಮುಚ್ಚಿಕೊಂಡಿತು, ಆದ್ದರಿಂದ ಕಾಫಿ ಒಣಗಿಯೇ ಉಳಿಯಿತು. ಎರಡರಲ್ಲೂ ರೂಢಿ ಮೀರಿದ್ದು ಒಂದೊಂದು ಸಲ! ಸ್ಟೀವ್ ಹ್ಯಾಂಕ್ಸ್ ಮತ್ತು ಡ್ರೂ ಮೆಕ್‌ಡರ್ಮಟ್ 1986ರಲ್ಲಿ ಬಂದೂಕಿನ ಉದಾಹರಣೆಯಿಂದ ತೋರಿಸಿದ ತೊಡಕು ಇದೇ. ಅದಕ್ಕೆ ಯೇಲ್ ಗುಂಡಿನ ಸಮಸ್ಯೆ ಎಂದು ಹೆಸರು ನಿಂತಿದೆ.

ಸ್ಥಿರ ಮಾದರಿಯಲ್ಲಿ ನಿಯಮ ಒಂದೇ ದಿಕ್ಕಿಗೆ ಓಡುವುದರಿಂದ, ಪರಿಣಾಮವನ್ನು ನಿಯಮವಾಗಿಯೇ ಬರೆದರೆ ಈ ಭೂತ ಬರುವುದಿಲ್ಲ:

-ಸ್ಥಿತಿ(ಒಣ, ವೇ+1) :- ಮಳೆ(ವೇ), ಸ್ಥಿತಿ(ತೆರೆದ, ವೇ), ವೇಳೆ(ವೇ+1).

ಬರುವುದು ಇದನ್ನೇ ನಿರ್ಬಂಧವಾಗಿ ಬರೆದಾಗ: 'ಮಳೆ, ತೆರೆದ ಕಣ, ಮರುಗಂಟೆ ಒಣ, ಈ ಮೂರೂ ಕೂಡಿ ಬರಬಾರದು'. ನಿರ್ಬಂಧ ಯಾವುದನ್ನೂ ನೆನೆಸುವುದಿಲ್ಲ, ಹೊಂದದ ಮಾದರಿಯನ್ನು ಕೊಲ್ಲುತ್ತದೆ ಅಷ್ಟೇ. ಮೇಲಿನ ಜಡತ್ವದ ಜೊತೆ ಅದಿದ್ದರೆ ಉತ್ತರವೇ ಇರುವುದಿಲ್ಲ. ಸ್ಥಿತಿಗಳನ್ನು ಆಯ್ಕೆಗೆ ಬಿಟ್ಟಿದ್ದರೆ ಕಣ ತಾನಾಗಿ ಮುಚ್ಚಿಕೊಳ್ಳುವ ಕಥೆ ಮರಳುತ್ತದೆ. ಪತ್ತೆ ಹಚ್ಚಲು ಸುಮ್ಮನಿದ್ದ ಹೆಜ್ಜೆಯನ್ನು ಮಾತ್ರ ನೋಡಿ: ಯಾವ ಕ್ರಿಯೆಯೂ ಇಲ್ಲದ ಗಂಟೆಯಲ್ಲಿ ಯಾವ ಸ್ಥಿತಿಯಾದರೂ ಬದಲಾಗಿದ್ದರೆ ಅದನ್ನು ಬದಲಿಸಿದ ನಿಯಮ ಯಾವುದು?

ಕ್ರಿಯೆಯ ಬೆನ್ನಿಗೆ ಬರುವ ಪರಿಣಾಮಗಳೂ ಜಡತ್ವಕ್ಕೆ ಸಿಕ್ಕಿಕೊಳ್ಳುತ್ತವೆ. ಚೀಲವನ್ನು ಗೋದಾಮಿಗೆ ಸಾಗಿಸಿದ ಮೇಲೂ ಚೀಲದೊಳಗಿನ ಕಾಫಿ ಕಣದಲ್ಲೇ ಇದೆ ಎಂದರೆ, ಕಾಫಿಯ ಜಾಗವನ್ನು ಸ್ವಂತ ಸ್ಥಿತಿಯಾಗಿ ಇಟ್ಟಿದ್ದೀರಿ. ಚೀಲದ ಜಾಗದಿಂದ ಅದನ್ನು ಪಡೆಯಿರಿ, ಜಡತ್ವದ ಪಟ್ಟಿಯಿಂದ ತೆಗೆಯಿರಿ.

ಲಕ್ಷಣ: ಉತ್ತರವೇ ಇಲ್ಲ, ಅಥವಾ ಉತ್ತರ ಬರುವುದೇ ಇಲ್ಲ

ಕ್ಲಿಂಗೋ 'ಅನ್‌ಸ್ಯಾಟಿಸ್‌ಫೈಯಬಲ್' (ಹೊಂದುವ ಮಾದರಿಯೇ ಇಲ್ಲ) ಎಂದರೆ ಎಲ್ಲ ನಿರ್ಬಂಧಗಳ ಖಾಲಿ ತಲೆಗೂ (':-' ಚಿಹ್ನೆಯ ಎಡಗಡೆಗೆ) ಒಂದು ಹೆಸರು ಹಾಕಿ. ':- ಹರಡು(ಕ), ಮುಚ್ಚು(ಕ).' ಎಂಬುದನ್ನು 'ತಪ್ಪು(ನಿ1, ಕ) :- ಹರಡು(ಕ), ಮುಚ್ಚು(ಕ).' ಎಂದು ತಿರುಗಿಸಿ, ತಪ್ಪುಗಳ ಸಂಖ್ಯೆ ಕನಿಷ್ಠವಾಗಲಿ ಎಂದು ಕೇಳಿ. ಆಗ ಮಾದರಿ ಬರುತ್ತದೆ, ಯಾವ ನಿರ್ಬಂಧ ಮುರಿಯಿತು ಎಂಬುದೂ ಕೈಗೆ ಸಿಗುತ್ತದೆ. ಎಲ್ಲ ನಿರ್ಬಂಧ ಸಡಿಲಿಸಿದರೂ ಮಾದರಿ ಬಾರದಿದ್ದರೆ ಎರಡು ಸಾಧ್ಯತೆ. ಒಂದೇ ಸಂಗತಿ ಖಚಿತವಾಗಿ ಹೌದು, ಖಚಿತವಾಗಿ ಇಲ್ಲ ಎರಡೂ ಆಗಿದೆ: ಒಂದೇ ಕಣಕ್ಕೆ 0 ಮತ್ತು 15 ಎಂಬ ಎರಡು ವರದಿ ಬಂದರೆ ಹೀಗಾಗುತ್ತದೆ (ಮಳೆಯ ತಿದ್ದುಪಡಿಯ ಎರಡನೇ ಸಾಲಿನ ಕೊನೆಗೆ 'ನಾಟ್ ಮಳೆ(ಕ)' ಸೇರಿಸಿದರೆ ಮಳೆಯ ವರದಿಯೇ ಗೆಲ್ಲುತ್ತದೆ). ಅಥವಾ ಒಂದು ಸಂಗತಿ ತನ್ನದೇ ಇಲ್ಲದಿರುವಿಕೆಯ ಮೇಲೆ ನಿಂತಿದೆ. ಅಂಥ ಸುತ್ತು ನೇರವಾಗಿ ಕಾಣುವುದಿಲ್ಲ, ಮೂರು ನಿಯಮ ದಾಟಿ ಬರುತ್ತದೆ. ಪ್ರೆಡಿಕೇಟುಗಳನ್ನು ಕಾಗದದ ಮೇಲೆ ಬರೆದು, ನಾಟ್ ಇರುವ ಬಾಣಗಳನ್ನು ಕೆಂಪು ಶಾಯಿಯಲ್ಲಿ ಎಳೆದು, ಸುತ್ತಿನಲ್ಲಿ ಕೆಂಪು ಬಾಣಗಳ ಸಂಖ್ಯೆ ಬೆಸವಾಗಿದೆಯೇ ನೋಡಿ.

ಓಡುತ್ತಲೇ ಇದ್ದರೆ ಸಾಮಾನ್ಯವಾಗಿ ಕಾರಣ ನಿಯಮದಲ್ಲಿನ ಚರಾಕ್ಷರಗಳ ಸಂಖ್ಯೆ. ಐದು ಚರಾಕ್ಷರ, ಒಂದೊಂದಕ್ಕೆ 40 ಬೆಲೆ ಎಂದರೆ 10 ಕೋಟಿ 24 ಲಕ್ಷ ಬಿಡಿ ನಿಯಮಗಳಾಗಬಹುದು. ನಡುವೆ ಒಂದು ಸಹಾಯಕ ಪ್ರೆಡಿಕೇಟ್ ಹಾಕಿ ಮೂರು ಮೂರು ಚರಾಕ್ಷರದ ಎರಡು ನಿಯಮಗಳಾಗಿ ಒಡೆದರೆ ಅದೇ 1 ಲಕ್ಷ 28 ಸಾವಿರಕ್ಕೆ ಇಳಿಯುತ್ತದೆ. ನಿಮಿಷದ ಲೆಕ್ಕದ ವೇಳೆಯನ್ನು ಗಂಟೆಗೆ ಬದಲಿಸುವುದೂ ಅಷ್ಟೇ ಉಪಕಾರಿ. ಕಾಫಿ ಒಣಗಿಸುವಲ್ಲಿ ನಿಮಿಷ ಲೆಕ್ಕವಿಡುವವರಿಲ್ಲ. ಪ್ರೊಲಾಗ್ ಆದರೆ ತನ್ನನ್ನೇ ಮೊದಲು ಕರೆದುಕೊಳ್ಳುವ ನಿಯಮ ಹುಡುಕಿ; ಎಸ್‌ಡಬ್ಲ್ಯುಐ ಪ್ರೊಲಾಗ್‌ನಲ್ಲಿ ಆ ಪ್ರೆಡಿಕೇಟಿಗೆ ಟೇಬ್ಲಿಂಗ್ (ಸಿಕ್ಕ ಉತ್ತರಗಳನ್ನು ನೆನಪಿಟ್ಟುಕೊಳ್ಳುವ ವಿಧಾನ) ಘೋಷಿಸಿದರೆ ಇಂಥ ಬಹುತೇಕ ಸುತ್ತುಗಳು ನಿಲ್ಲುತ್ತವೆ.

ಎಷ್ಟು ಅಪವಾದ ಬರೆಯಬೇಕು?

ಬಿಸಿಲಿದ್ದರೆ ಹರಡಿ. ಕಣ ಹಿಂದಿನ ಮಳೆಗೆ ಒದ್ದೆಯಿದ್ದರೆ? ಆಳು ಬಾರದಿದ್ದರೆ? ಆನೆ ತೋಟಕ್ಕೆ ಇಳಿದಿದೆ, ಯಾರೂ ಹೊರಗೆ ಬರಬೇಡಿ ಎಂಬ ಎಚ್ಚರಿಕೆ ಬಂದಿದ್ದರೆ? ಈ ಪಟ್ಟಿಗೆ ಕೊನೆಯಿಲ್ಲ. ಮೆಕಾರ್ಥಿ ಇದನ್ನು ಅರ್ಹತೆಯ ಸಮಸ್ಯೆ ಎಂದರು, ಕಾರಿನ ಹೊಗೆ ಕೊಳವೆಯಲ್ಲಿ ಆಲೂಗಡ್ಡೆ ತುರುಕಿದ್ದರೂ ಕಾರು ಹೊರಡುವುದಿಲ್ಲ ಎಂಬುದು ಇದಕ್ಕೆ ಹೆಸರಾದ ಉದಾಹರಣೆ. ಲೋಕಜ್ಞಾನವನ್ನೆಲ್ಲ ಕೈಯಲ್ಲೇ ಬರೆದು ಮುಗಿಸುವ ಆಸೆಯಿಂದ ಡಗ್ಲಸ್ ಲೆನಟ್ 1984ರಲ್ಲಿ ಸೈಕ್ ಯೋಜನೆ ಶುರುಮಾಡಿದರು. ದಶಕಗಳು ಕಳೆದರೂ ಪಟ್ಟಿ ಬೆಳೆಯುತ್ತಲೇ ಹೋಯಿತು. ಕಣದ ತಂತ್ರಾಂಶಕ್ಕೆ ನಮ್ಮ ಅಳತೆಗೋಲು ಹೀಗೆ: ಅಪವಾದ ನಡೆದಿದೆ ಎಂದು ತಿಳಿಸುವ ಸಂಗತಿ ಯಾವ ದಾರಿಯಿಂದಲಾದರೂ ಒಳಗೆ ಬರುತ್ತದೆಯೇ? ಬರುವುದಾದರೆ ಬರೆಯಿರಿ. ಆನೆಯ ಎಚ್ಚರಿಕೆ ಸಂದೇಶ ಬರುತ್ತದೆ, ಚೆಕ್‌ರೋಲ್ ಬರುತ್ತದೆ. ಟಾರ್ಪಾಲಿಗೆ ಇಲಿ ಕಚ್ಚಿದ ತೂತನ್ನು ಯಾರೂ ಬರೆದು ಕಳಿಸುವುದಿಲ್ಲ. ಅದಕ್ಕೆ ನಿಯಮ ಬರೆದರೆ ಸಾಲು ಹೆಚ್ಚುತ್ತದೆ, ಕಾಫಿ ಉಳಿಯುವುದಿಲ್ಲ.

ಒಂದೊಂದು ತಿದ್ದುಪಡಿಯ ನಂತರವೂ ಹಳೆಯ ಪ್ರಕರಣಗಳನ್ನೆಲ್ಲ ಮತ್ತೆ ಓಡಿಸಿ. ಸಾದಾ ತರ್ಕದಲ್ಲಿ ಹೊಸ ಸಾಲು ಸೇರಿಸಿದರೆ ಹಳೆಯ ತೀರ್ಮಾನ ಕೆಡುವುದಿಲ್ಲ. ನಾಟ್ ಇರುವ ಕಡತದಲ್ಲಿ ಕೆಡಬಹುದು. ಪ್ರಕರಣಗಳ ಕಡತದಲ್ಲಿ ಇವು ಕಡ್ಡಾಯವಾಗಿ ಇರಲಿ: ಯಾವ ವರದಿಯೂ ಇಲ್ಲದ ಕಣ (ಉತ್ತರ: ಕೇಳು); ಒಂದೇ ಕಣಕ್ಕೆ ಒಂದೇ ಹೊತ್ತಿನ ಎರಡು ವರದಿ, 0 ಮತ್ತು 15 (ತಂತ್ರಾಂಶ ನಿಲ್ಲಬಾರದು; ಉತ್ತರ: ಮುಚ್ಚು); ಕೊಯ್ಲಿನ ನಡುವೆ ಪುತ್ತರಿ (ಒಂದೇ ಮಾದರಿ, ಕೊಯ್ಲಿಲ್ಲ, ಕಣಗಾವಲಿದೆ); ತೆರೆದ ಕಣ, ಸುಮ್ಮನಿದ್ದ ಒಂದು ಗಂಟೆ, ಆಮೇಲೆ 10 ಸೆಂಟ್ ಮಳೆ (ಉತ್ತರ: ನೆನೆದಿದೆ).